ಗೃಹಪ್ರವೇಶದ ದಿನ ಅಮ್ಮ ಹೇಳಿದ ಸುಳ್ಳು

ಭಾನುವಾರ, ನವೆಂಬರ್ 24
ಬೋಡಕ್‌ದೇವ್, ಅಹಮದಾಬಾದ್

ನಾನು ಸುಳ್ಳು ಹೇಳಿದ್ದಕ್ಕಿಂತ, ಅಮ್ಮನ ಬಾಯಲ್ಲೂ ಸುಳ್ಳು ಹೇಳಿಸಿದ್ದು ಚುಚ್ಚುತ್ತಿದೆ.

ಗೃಹಪ್ರವೇಶ ಗದ್ದಲದಿಂದಲೇ ಮುಗಿಯಿತು. ಸಂಜೆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡ ರಾಕೇಶ್ ಹಾಡು ಹಾಕಿದ್ದೇ ತಡ, ನಮ್ಮ ವಸತಿ ಸೊಸೈಟಿಯ ಹೆಂಗಸರೆಲ್ಲ ಗರ್ಬಾ ಕುಣಿತ ಶುರುಮಾಡಿದರು. ಮಗಳು ಪ್ರಾರ್ಥನಾ ಪಕ್ಕದ ಮನೆಯ ಭಾವನಾಬೆನ್ ಮೊಮ್ಮಗಳ ಕೈ ಬಿಡಲೇ ಇಲ್ಲ. ಅಹಮದಾಬಾದಿನಲ್ಲಿ ಅವಳಿಗೆ ಸಿಕ್ಕ ಮೊದಲ ಗೆಳತಿ.

ಅಡುಗೆಮನೆಗೆ ಬಂದ ಭಾವನಾಬೆನ್ ನಗುತ್ತಲೇ ಕೇಳಿದರು, “ಆಪ್ ಲೋಗ್ ಪ್ಯೂರ್ ವೆಜ್ ಹೈ ನಾ?”

“ಹಾಂ, ಬಿಲ್ಕುಲ್,” ಎಂದುಬಿಟ್ಟೆ. ಮೀನು ತಿನ್ನುವವರೆಂದರೆ ಈ ಸೊಸೈಟಿಯಲ್ಲಿ ಯಾರೂ ಹತ್ತಿರ ಸೇರಿಸುವುದಿಲ್ಲ.

ಅಮ್ಮ ಅಲ್ಲೇ ಇದ್ದಳು. ನಿನ್ನೆಯಷ್ಟೇ ಕಾರವಾರದಿಂದ ನನಗೆಂದು ಒಣ ಸೀಗಡಿ ಚಟ್ನಿ ಕಟ್ಟಿಕೊಂಡು ಬಂದವಳು. ಊರಿಂದ ಏನು ತಂದಿರಿ ಎಂದು ಭಾವನಾಬೆನ್ ಅವಳನ್ನೂ ಹಿಂದಿಯಲ್ಲಿ ವಿಚಾರಿಸಿದರು. ಅಮ್ಮ ನನ್ನ ಮುಖ ನೋಡಿದಳು.

“ಪಾಪಡ್,” ಎಂದಳು.

ಎಲ್ಲರೂ ಹೋದ ಮೇಲೆ ಅವಳು ತನ್ನ ಸೀರೆಗಳನ್ನು ಮಡಚತೊಡಗಿದಳು.

“ಎಂತಕ್ಕಮ್ಮ? ಒಂದು ತಿಂಗಳು ಇರ್ತೆ ಅಂದಿದ್ದೆಯಲ್ಲ?”

“ಬುಧವಾರದ ಗಾಡಿಗೆ ಹೋಗ್ತೆ ಮಗಾ. ಇವತ್ತು ಬಾಯಿಗೆ ಬಂತು, ಹೇಳ್ದೆ. ದಿನಾ ನೆನಪಿಟ್ಕಂಡು ಸುಳ್ಳು ಹೇಳೂಕೆ ನಂಗೆ ಆಗೂದಿಲ್ಲ. ಪ್ರಾರ್ಥನಾ ಆ ಹುಡ್ಗಿ ಕೂಡೆ ಎಷ್ಟು ಚಂದ ಆಡ್ತಿತ್ತು. ನನ್ನಿಂದ ಅದು ಹಾಳಾಗೂದು ಬೇಡ.”

ಇರಮ್ಮ ಎನ್ನಬೇಕಿತ್ತು. ಬದಲಿಗೆ ಫೋನ್ ತೆಗೆದು ಟಿಕೆಟ್ ನೋಡಿದೆ. ಬುಧವಾರಕ್ಕೆ ಒಂದೇ ಒಂದು ಲೋವರ್ ಬರ್ತ್ ಉಳಿದಿತ್ತು. ಅದನ್ನೇ ಬುಕ್ ಮಾಡಿದೆ. ಅದೂ ಇಲ್ಲವೆಂದು ತೋರಿಸಿದ್ದರೆ ಅಮ್ಮನನ್ನು ಉಳಿಸಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು.