ಅಲ್ಲಾಡಿಸದೆ ಒಡೆದ ಕಾಯಿ

ಮಾಯಸಂದ್ರ, ೧೯೮೪

ತೋಂಟದಾರ್ಯ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ಮುಂದಿನ ಸಭೆಯಲ್ಲಿ ಓದಿ ಜನರನ್ನು ನಗಿಸುತ್ತೀಯ. ಆದರೂ ಒಂದೇ ಬೆಂಚಿನಲ್ಲಿ ಕೂತು ಓದಿದ ತಪ್ಪಿಗೆ, ಇವತ್ತು ನಮ್ಮ ಅಂಗಳದಲ್ಲಿ ಆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಹೊರಗಿನವರು ನಮ್ಮೂರ ಕೂಲಿ ಕಸಿಯುತ್ತಿದ್ದಾರೆಂದು ಭಾಷಣ ಮಾಡಿ ತಮಿಳುನಾಡಿನ ಪಳನಿಯನ್ನು ಓಡಿಸಿದೆಯಲ್ಲ, ಅವನ ಬದಲಿಗೆ ಕಾಯಿ ಒಡೆಯಲು ನೀನು ಕಳಿಸಿದ ನಾಲ್ವರು ಬಂದಿದ್ದರು. ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿ. ಪಳನಿ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉರುಳುವ ಸದ್ದು ಕೇಳಿದ ಮೇಲೆಯೇ ಮಚ್ಚು ತಾಗಿಸುತ್ತಿದ್ದ. ಇವರು ಒಂದನ್ನೂ ಅಲ್ಲಾಡಿಸಲಿಲ್ಲ. ನಡುವೆ ಇನ್ನೂ ಪೂರ್ತಿ ಒಣಗದೆ ಉಳಿದಿದ್ದ ಕಾಯಿಗಳ ಕೊಬ್ಬರಿ ಚಿಪ್ಪಿಗೇ ಅಂಟಿ ಚೂರುಚೂರಾಯಿತು. ನಾನು ರೇಗಿದರೆ ಒಬ್ಬ, "ನಮ್ಮೋರೇ ಅಲ್ವೇನ್ರೀ, ಹೋಗ್ಲಿ ಬುಡಿ" ಎಂದ.

ಪಳನಿಯನ್ನು ಕರೆದವನು ನಾನು, ಬಂದವನು ಅವನು. ಹನ್ನೆರಡು ವರ್ಷ ಇಬ್ಬರಿಗೂ ಒಪ್ಪಿಗೆಯಿತ್ತು. ನಡುವೆ ನಿನ್ನದೇನು ಯಜಮಾನಿಕೆ? ಇನ್ನು ತಿಪಟೂರಿನ ಕೊಬ್ಬರಿ ಮಂಡಿಗೆ ಬರುವ ಉತ್ತರ ಭಾರತದ ವ್ಯಾಪಾರಿಗಳನ್ನೂ ಓಡಿಸುತ್ತೀಯಂತೆ. ಆಮೇಲೆ ಕೊಬ್ಬರಿಯನ್ನು ಯಾರು ಕೊಳ್ಳುತ್ತಾರೆ, ನಿನಗೆ ಚಪ್ಪಾಳೆ ತಟ್ಟಿದವರೇ? ಅವರ ಅಟ್ಟದಲ್ಲೂ ಕೊಬ್ಬರಿಯೇ ತುಂಬಿದೆ ಕಣೋ.

"ಹೊರಗಿನೋರು ಬ್ಯಾಡ ಅನ್ನೋರೆಲ್ಲ ಕೈ ಎತ್ರಪ್ಪ" ಎಂದು ನೀನು ಕೂಗಿದ ಆ ಸಂಜೆ ಪಳನಿಯೂ ಅಲ್ಲಿದ್ದ, ಸಭೆಯ ಅಂಚಿನಲ್ಲಿ, ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು. ಮುಂದಿನ ಸಾಲಿನಲ್ಲಿ ಕೂತು ನಾನೂ ಎತ್ತಿದ್ದ ಕೈಯನ್ನೇ ಅವನು ನೋಡುತ್ತಿದ್ದ.