ಅಪ್ಪ ಬಾವಿಗೆ ಬಿಟ್ಟ ಆಮೆ

ಭುಜಂಗಾ,

ಬಾವಿಯಲ್ಲಿ ಆಮೆ ಇಲ್ಲ, ಹುಡುಕಬೇಡ. ಅಪ್ಪ ಹಿಡಿದು ತಂದ ಹೊಳೆಗೇ ಬಿಟ್ಟು ಬರಲು ಹೊರಟಿದ್ದೇನೆ. ಹೊಸ ಕಾನೂನಿನಲ್ಲಿ ಆಮೆ ಸಾಕುವುದು ಅಪರಾಧ ಅಂತ ಫಾರೆಸ್ಟ್ ಗಾರ್ಡ್ ಎರಡು ಸಲ ಬಂದು ಹೇಳಿದರು. ಕಾನೂನು ಬಿಡು ಮಾರಾಯ, ಹದಿನೆಂಟು ವರ್ಷ ಅದಕ್ಕೆ ಬಿಸಿಲು ಕಾಯಲು ಒಂದು ಕಲ್ಲೂ ಇರಲಿಲ್ಲ.

ಗಂಜಿ ಒಲೆಯ ಮೇಲೆ ಉಂಟು. ಚಟ್ನಿ ಮುಗಿಸು, ಹಳಸುತ್ತದೆ.

ಅಪ್ಪ ತೀರಿಕೊಂಡ ಮೇಲೆ ನೀನು ಅವರ ಹಾಗೆಯೇ ಕೆಮ್ಮಿ ಅದನ್ನು ಮೇಲಕ್ಕೆ ಕರೆಯುತ್ತಿದ್ದೆ. ಬೇಡ ಅಂತ ಎಷ್ಟು ಹೇಳಿದ್ದೆ! ನಿನ್ನೆ ನೀನು ಮಣಿಪಾಲಕ್ಕೆ ಕೆಲಸಕ್ಕೆ ಹೋದ ಮೇಲೆ ನಾನೊಬ್ಬಳೇ ನೀರು ಸೇದುತ್ತಿದ್ದೆ. ಆಮೆ ಮೇಲೆ ಬಂದು ಕತ್ತು ಚಾಚಿತು.

ಕೆಮ್ಮು ನನಗೂ ಕೇಳಿತ್ತು.

ಬಾವಿಗೆ ಹಲಗೆ ಮುಚ್ಚಿದ್ದೇನೆ. ನಾನು ಬರುವವರೆಗೆ ಆ ಕಡೆ ಹೋಗಬೇಡ. ಹೋದರೂ ಕೆಮ್ಮಬೇಡ.

ಅಕ್ಕ