ಪೆನ್ಸಿಲ್ ಗುರುತಿನ ಮೊಟ್ಟೆ

ರನ್‌ಕಾರ್ನ್, ಬ್ರಿಸ್ಬೇನ್
ಭಾನುವಾರ, 14 ಆಗಸ್ಟ್ 2016

ಪ್ರೀತಿಯ ಅಪ್ಪಾಜಿ,

ಹೇಗಿದ್ದೀರಿ? ಬಲಗಾಲಿನ ಮಂಡಿ ಈಗ ಹೇಗಿದೆ? ಬುಧವಾರ ಫೋನಿನಲ್ಲಿ "ನಿಂತೂ ನಿಂತೂ ಕಾಲು ಹಿಡ್ಕೊಂಡ್ಬಿಟ್ಟಿದೆ ಪುಟ್ಟಾ" ಅಂದಿರಿ. ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ, ಮುಲಾಮು ಮರೆಯಬೇಡಿ. ಫೋನ್ ಇಟ್ಟ ಮೇಲೆ ಆ ಮಾತನ್ನೇ ಯೋಚಿಸುತ್ತಾ ಕೂತೆ. ಮೊದಲೆಲ್ಲ ನಿಮಗೆ ನಡೆದೂ ನಡೆದೂ ಕಾಲು ನೋಯುತ್ತಿತ್ತು. ಗಣಿಯಲ್ಲಿ ಕಲ್ಲು ಹುಡುಕಿಕೊಂಡು ಮೈಲಿಗಟ್ಟಲೆ ಅಲೆಯುವವರು ಒಂದೇ ಕಡೆ ನಿಲ್ಲುವ ಕೆಲಸ ಯಾವಾಗಿನಿಂದ ಶುರುಮಾಡಿದಿರಿ? ಇರಲಿ, ನನಗೆ ಎಲ್ಲದರಲ್ಲೂ ಅನುಮಾನ, ಅದು ನಿಮಗೆ ಹೊಸದಲ್ಲ.

ನಾನು ಚೆನ್ನಾಗಿದ್ದೇನೆ. ಎರಡನೇ ಸೆಮಿಸ್ಟರ್ ಶುರುವಾಗಿ ಮೂರು ವಾರವಾಯಿತು. ಬಸ್ಸಿಗೆ ಇಪ್ಪತ್ತು ನಿಮಿಷ ಮೊದಲೇ ಹೋಗಿ ನಿಲ್ಲುವುದು, ಕ್ಲಾಸಿನಲ್ಲಿ ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕರೇನೋ ಎಂದುಕೊಳ್ಳುವುದು, ಎಲ್ಲ ಹಾಗೆಯೇ ಇದೆ. ಮೈಸೂರಿನ ಹಾಸ್ಟೆಲಿನಲ್ಲಿ ಹನ್ನೆರಡು ವರ್ಷ ಬೆಳೆದವಳಿಗೆ ಈಗ ಸ್ವಂತ ಕೋಣೆ, ಬಾಗಿಲಿಗೆ ಚಿಲಕ ಎಲ್ಲ ಸಿಕ್ಕಿದೆ. ಆದರೂ ಸೋಪನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕುತ್ತೇನೆ. ಮನೆಯ ಒಡತಿ ಇಂದುಮತಿ ಆಂಟಿ ಮೊನ್ನೆ ಅದನ್ನು ಕಂಡು, "ನಿನ್ನ ಸೋಪು ಕದಿಯೋಕೆ ಇಲ್ಲಿ ಯಾರಿದಾರೆ ಮಗಳೇ? ನಾನು, ನಮ್ಮನೆಯವ್ರು. ಅವ್ರಿಗೆ ಸ್ನಾನ ಮಾಡ್ಸೋದೇ ಕಷ್ಟ" ಅಂದರು. ನಮ್ಮನೆಯವರು ಅಂದರೆ ಸತ್ಯಪ್ರಕಾಶ ಅಂಕಲ್. ಎಯ್ಟ್ ಮೈಲ್ ಪ್ಲೇನ್ಸ್‌ನ ಆಫೀಸಿಗೆ ಹೋಗಿ ಬರುವುದು, ಕ್ರಿಕೆಟ್ ನೋಡುವುದು, ಅಷ್ಟೇ. ಪಾಪದವರು.

ನೀವು ಕಳಿಸಿದ ಪಾರ್ಸೆಲ್ ಸೋಮವಾರ ತಲುಪಿತು. ಬಿಚ್ಚಿ ನೋಡಿದರೆ ಮೊಳದುದ್ದದ ಒಂದು ಸ್ಟೀಲಿನ ಕೋಲು, ತಲೆಯ ಮೇಲೆ ಅಂಕಿ ತೋರಿಸುವ ಕಿಟಕಿ, ಕೆಳಗೆ ಪುಟ್ಟ ಫ್ಯಾನು. ಮೊದಲು ಪೊಲೀಸರಿಗೆ ಹೇಳಬೇಕಾದ ವಸ್ತುವೇನೋ ಎಂದುಕೊಂಡೆ. ಆಮೇಲೆ ನಿಮ್ಮ ಎರಡು ಪುಟದ ಕಾಗದ ಸಿಕ್ಕಿತು. ಇದಕ್ಕೆ ಸೂ ವೀಡ್ ಎನ್ನುತ್ತಾರೆ, ಫ್ರೆಂಚ್ ಮಾತು, ಗಾಳಿಯಿಲ್ಲದೆ ಎಂದರ್ಥ, ಬೇರೆ ಪದಾರ್ಥವಾದರೆ ಗಾಳಿ ತೆಗೆದ ಚೀಲಕ್ಕೆ ಹಾಕಿ ನೀರಿಗಿಳಿಸಬೇಕು, ಮೊಟ್ಟೆಗೆ ಅದರ ಚಿಪ್ಪೇ ಚೀಲ, ನೀರು ಅರವತ್ತಮೂರು ಡಿಗ್ರಿ, ನಲವತ್ತೈದು ನಿಮಿಷ, ಒಂದು ಡಿಗ್ರಿ ಆಚೀಚೆ ಆದರೂ ಹಳದಿಯ ಹದ ಕೆಡುತ್ತದೆ ಎಂದೆಲ್ಲ ಬರೆದಿದ್ದೀರಿ. "ಬೆಳಿಗ್ಗೆ ಏನೂ ತಿನ್ನದೆ ಕಾಲೇಜಿಗೆ ಹೋಗ್ಬೇಡ" ಎಂದು ನೀವು ಹೇಳುತ್ತಲೇ ಇದ್ದಿರಿ, ಅದಕ್ಕೇ ಕಳಿಸಿದ್ದೀರಿ ಎಂದು ಗೊತ್ತು. ತುಂಬಾ ಥ್ಯಾಂಕ್ಸ್.

ಆಂಟಿಯ ಅಡುಗೆಮನೆಯೊಳಗೆ ಮೊಟ್ಟೆಗೆ ಪ್ರವೇಶವಿಲ್ಲ. ತಿನ್ನುವವರು ತಿನ್ನಬಹುದು, ಆದರೆ ಗ್ಯಾರೇಜಿನಲ್ಲಿ, ಬೇರೆ ಪಾತ್ರೆಯಲ್ಲಿ. ಅದಕ್ಕೆ ಕಾರಿನ ಪಕ್ಕ ಸ್ಟೂಲಿನ ಮೇಲೆ ಬಕೆಟ್ ಇಟ್ಟು, ಕೋಲನ್ನು ಅಂಚಿಗೆ ಸಿಕ್ಕಿಸಿ, ಎರಡು ಮೊಟ್ಟೆ ಇಳಿಸಿದೆ. ಆಂಟಿ ಹೊಸ್ತಿಲ ಆಚೆಯೇ ನಿಂತು ಕಾವಲು ಕಾದರು. ಹತ್ತು ನಿಮಿಷವಾಯಿತು, ನೀರು ಕುದಿಯಲಿಲ್ಲ. ಇಪ್ಪತ್ತು ನಿಮಿಷವಾಯಿತು, ಹಬೆಯಿಲ್ಲ, ಸದ್ದಿಲ್ಲ, ವಾಸನೆಯಿಲ್ಲ. "ಇದೇನೇ ಇದು, ಮೊಟ್ಟೆಗೆ ಅಭ್ಯಂಜನ ಮಾಡಿಸ್ತಾ ಇದೀಯಾ? ಕುದಿಯದೆ ಬೆಂದಿದ್ದು ಬೆಂದ ಹಾಗೇನೇ?" ಎಂದು ಕೇಳಿದರು. ನನಗೂ ಅದೇ ಸಂಶಯ. ಯಂತ್ರದ ಕಿಟಕಿ ಅರವತ್ತಮೂರು ಎಂದರೆ ನಾನು ನಂಬಬೇಕೇ? ಆಂಟಿ ಮೊಸರಿಗೆ ಹೆಪ್ಪು ಹಾಕುವಾಗ ಹಾಲಿನ ಬಿಸಿ ನೋಡುವ ಥರ್ಮಾಮೀಟರ್ ಬೇಡಿ ಅದ್ದಿ ನೋಡಿದೆ. ಸರಿಯಾಗಿಯೇ ಇತ್ತು. ಆ ಥರ್ಮಾಮೀಟರನ್ನು ಆಂಟಿ ವಾಪಸ್ ತೆಗೆದುಕೊಳ್ಳಲಿಲ್ಲ, "ನೀನೇ ಇಟ್ಕೋ" ಅಂದರು. ಒಡೆದರೆ ಬಿಳಿ ಇನ್ನೂ ನಡುಗುತ್ತಿತ್ತು, ಹಳದಿ ಮಾತ್ರ ಗಟ್ಟಿ ಜೇನಿನ ಹಾಗಿತ್ತು. ಆಸ್ಪತ್ರೆಯ ನಂಬರ್ ಮುಂದಿಟ್ಟುಕೊಂಡು ತಿಂದೆ. "ಏನಾದ್ರೂ ಆದ್ರೆ ನಿಮ್ಮಪ್ಪಂಗೆ ನಾನೇನು ಉತ್ತರ ಹೇಳ್ಲಿ" ಎಂದು ಆಂಟಿ ಸಂಜೆಯವರೆಗೂ ನನ್ನ ಮುಖ ನೋಡುತ್ತಿದ್ದರು. ಏನೂ ಆಗಲಿಲ್ಲ. ಚೆನ್ನಾಗಿತ್ತು, ಅಪ್ಪಾಜಿ. ಅಷ್ಟು ಚೆನ್ನಾಗಿದ್ದದ್ದೇ ನನಗೆ ಯೋಚನೆಗಿಟ್ಟುಕೊಂಡಿತು.

ಹಾಸ್ಟೆಲಿನಲ್ಲಿ ಭಾನುವಾರಕ್ಕೊಂದು ಮೊಟ್ಟೆ ಸಿಗುತ್ತಿತ್ತು. ಅಡುಗೆಯ ಗಂಗಮ್ಮ ಅದನ್ನು ಕಲ್ಲಾಗುವವರೆಗೆ ಬೇಯಿಸಿ, ಹಳದಿಯ ಸುತ್ತ ಹಸಿರು ಉಂಗುರ ಬಂದ ಮೇಲೇ ಇಳಿಸುತ್ತಿದ್ದರು. ಮೆತ್ತಗಿನ ಮೊಟ್ಟೆ ಎಂದರೆ ನನಗೆ ಅಮ್ಮನ ನೆನಪೊಂದೇ. ಬ್ರೆಡ್ಡನ್ನು ಸುಟ್ಟು, ಉದ್ದುದ್ದ ಸೀಳಿ, ಹಳದಿಯಲ್ಲಿ ಅದ್ದಿ ನನ್ನ ಬಾಯಿಗಿಡುತ್ತಿದ್ದಳು. ಇಂಗ್ಲೆಂಡಿನವರ ತಿಂಡಿ, ಅವಳ ತವರಿನ ತಿಂಡಿ. ಮೊಟ್ಟೆ ಮುಟ್ಟದ ಮನೆಯಲ್ಲಿ ಹುಟ್ಟಿದ ನೀವು ಬಾಗಿಲ ಬಳಿ ನಿಂತು ನೋಡುತ್ತಿದ್ದಿರಿ, ಒಳಗೆ ಬರುತ್ತಿರಲಿಲ್ಲ. ಈ ಫೆಬ್ರವರಿಯಲ್ಲಿ ಪರ್ತ್‌ನಲ್ಲಿ ನಿಮ್ಮ ಜೊತೆ ಒಂದು ವಾರ ಇದ್ದೆನಲ್ಲ, ಏಳು ದಿನವೂ ಅವಲಕ್ಕಿ. "ನಂಗೆ ಬರೋದು ಇದೊಂದೇ" ಎಂದಿರಿ. ಹಾಗಿದ್ದವರು ಆರು ತಿಂಗಳಲ್ಲಿ ಅರವತ್ತಮೂರಕ್ಕೂ ಅರವತ್ತನಾಲ್ಕಕ್ಕೂ ಹಳದಿಯಲ್ಲಿ ಏನು ವ್ಯತ್ಯಾಸ ಎಂದು ಬರೆಯುತ್ತೀರಿ.

ಎಲ್ಲಿ ಕಲಿತಿರಿ? ಗಣಿಯ ಕ್ಯಾಂಪಿನ ಕೋಣೆಯಲ್ಲಿ ಕೆಟಲ್ ಬಿಟ್ಟು ಬೇರೇನೂ ಇಡುವಂತಿಲ್ಲ, ಹನ್ನೆರಡು ಗಂಟೆ ಡ್ಯೂಟಿ, ಊಟ ಮೆಸ್ಸಿನಲ್ಲೇ ಎಂದು ನೀವೇ ಹೇಳಿದ್ದಿರಿ. ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. "ಬೆಂದದ್ದರ ಮೇಲೆ ಪೆನ್ಸಿಲಿನಿಂದ ಗುರುತು ಹಾಕು, ಹೊರಗಿನಿಂದ ಬೆಂದದ್ದೂ ಹಸಿಯದೂ ಒಂದೇ ಥರ ಕಾಣುತ್ತೆ, ಬೆರೆತುಹೋದರೆ ಕಷ್ಟ" ಎಂದಿದೆ. ಎರಡು ಮೊಟ್ಟೆ ಬೇಯಿಸಿ ಎರಡನ್ನೂ ತಿನ್ನುವವರಿಗೆ ಬೆರೆತುಹೋಗುವ ಭಯ ಎಲ್ಲಿಂದ ಬರುತ್ತದೆ? "ಭಾನುವಾರಕ್ಕೆ ಮಾತ್ರ ಹಿಂದಿನ ದಿನವೇ ಬೇಯಿಸಿ ಐಸ್ ನೀರಿಗೆ ಹಾಕಿಟ್ಟುಕೋ, ಬೆಳಿಗ್ಗೆ ಉಸಿರಾಡಲು ಬಿಡುವಿರಲ್ಲ" ಎಂದೂ ಬರೆದಿದ್ದೀರಿ. ಭಾನುವಾರ ನನಗೆ ರಜೆ, ಅಪ್ಪಾಜಿ. ಯಂತ್ರವೂ ಹೊಸದಲ್ಲ. ಫ್ಯಾನಿನ ಸಂದಿಯಲ್ಲಿ ಒಣಗಿದ ಹಳದಿ ಇತ್ತು, ಹಿಡಿಯ ಮೇಲೆ ಟೇಪು ಕಿತ್ತ ಗುರುತು, ಅದರ ಕೆಳಗೆ ಮಾರ್ಕರಿನಲ್ಲಿ ಎರಡು ಎಂಬ ಅಂಕಿ. ಎರಡನೆಯದಿದ್ದರೆ ಒಂದನೆಯದೂ ಎಲ್ಲೋ ಇರಬೇಕಲ್ಲ.

ಪಾರ್ಸೆಲಿನ ಮೇಲೆ ಅಡಿಲೇಡ್ ಮುದ್ರೆ ಬಿದ್ದಿದೆ. ಕೇಳಿದ್ದಕ್ಕೆ "ಫ್ರೆಂಡ್ ಆ ಕಡೆ ಹೋಗ್ತಿದ್ದ, ಅವನ ಕೈಲಿ ಪೋಸ್ಟ್ ಮಾಡಿಸ್ದೆ" ಎಂದಿರಿ. ಪರ್ತ್‌ನಲ್ಲಿ ಪೋಸ್ಟ್ ಆಫೀಸುಗಳು ಮುಚ್ಚಿಹೋದವೇ ಎಂದು ಕೇಳಬೇಕೆನಿಸಿತು. ಅದೇ ಫೋನಿನ ಕೊನೆಗೆ ನೀವು "ಅಯ್ಯೋ, ಏಳೂವರೆ ಆಗ್ಹೋಯ್ತು, ಬರ್ತೀನಿ" ಎಂದು ಇಟ್ಟಿರಿ. ನನ್ನ ಗೋಡೆ ಗಡಿಯಾರದಲ್ಲಿ ಸರಿಯಾಗಿ ಎಂಟು. ನೀವು ಪಶ್ಚಿಮದಲ್ಲಿ, ನಾನು ಪೂರ್ವದಲ್ಲಿ, ನಿಮಗೂ ನನಗೂ ಎರಡು ಗಂಟೆ ಅಂತರ. ಅಲ್ಲಿ ಆರಾಗಿರಬೇಕಿತ್ತು. ಬರೀ ಅರ್ಧ ಗಂಟೆ ಹಿಂದಿರುವ ದೊಡ್ಡ ಊರು ಈ ದೇಶದಲ್ಲಿ ಎರಡೇ. ಅದರಲ್ಲೊಂದರ ಮುದ್ರೆ ನನ್ನ ಮೇಜಿನ ಮೇಲೇ ಇದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಕಾಗದ ಬಿಡಿಸಿದಾಗ ಮಡಿಕೆಯಲ್ಲಿ ಸ್ವಲ್ಪ ಗಣಿಯ ಕೆಂಪು ಧೂಳು ಇರುತ್ತಿತ್ತು. ಹಾಸ್ಟೆಲಿನಲ್ಲಿ ಅದನ್ನು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದೆ, ಹುಡುಗಿಯರು ಕುಂಕುಮವೆಂದು ತಿಳಿದಿದ್ದರು. ಏಪ್ರಿಲ್‌ನಿಂದ ನಿಮ್ಮ ಕಾಗದದಲ್ಲಿ ಧೂಳಿಲ್ಲ. ಅದಕ್ಕಿಂತ ಹೆಚ್ಚಾಗಿ, ಏಪ್ರಿಲ್‌ನಿಂದ ನಿಮ್ಮ ಕಾಗದದಲ್ಲಿ 'ಮರೆತ ಮಾತು' ಇಲ್ಲ. ನೆನಪಿದೆಯಲ್ಲ, ನಮ್ಮ ವಾರ್ಡನ್ ಸುಲೋಚನಾ ಮ್ಯಾಡಮ್ ಎಲ್ಲರ ಕಾಗದವನ್ನೂ ಓದಿಯೇ ಕೊಡುತ್ತಿದ್ದರು. ಆದರೆ ಸಹಿ ಬಂದಲ್ಲಿಗೆ ನಿಲ್ಲಿಸುತ್ತಿದ್ದರು, ಪುಟದ ಬೆನ್ನು ನೋಡುತ್ತಿರಲಿಲ್ಲ. ಅದಕ್ಕೇ ನಾನೂ ನೀವೂ ನಿಜವಾದದ್ದನ್ನೆಲ್ಲ ಸಹಿಯ ಕೆಳಗೆ, ಹಾಳೆಯ ಬೆನ್ನಿಗೆ ಬರೆಯುತ್ತಿದ್ದೆವು. ಅಲ್ಲಿ ಬರೆದದ್ದಕ್ಕೆ ಬೈಗುಳವಿಲ್ಲ, ಅಳುವಿಲ್ಲ ಎಂದು ನಿಯಮ ಮಾಡಿದವರು ನೀವೇ. ನನಗೆ ಜ್ವರ ಬಂದದ್ದು, ನಾನು ಗೋಡೆ ಹಾರಿ ಸಿಕ್ಕಿಬಿದ್ದದ್ದು ಎಲ್ಲ ನಿಮಗೆ ತಿಳಿದದ್ದು ಅಲ್ಲಿಂದಲೇ. ಅಮ್ಮ ಎರಡು ತಿಂಗಳಿಗೆಂದು ಇಂಗ್ಲೆಂಡಿನ ತವರಿಗೆ ಹೋಗಿದ್ದಾಳೆ ಎಂದಿದ್ದಿರಿ. ಪ್ರತಿ ಭಾನುವಾರ ಗೇಟಿನ ಬಳಿ ನಿಲ್ಲುತ್ತಿದ್ದೆ. ಅವಳು ಬರುವುದಿಲ್ಲ ಎಂದು ನೀವು ಬರೆದದ್ದೂ ಅಲ್ಲೇ, ಎರಡು ವರ್ಷ ತಡವಾಗಿ.

ಈಗ ಮೆತ್ತಗಿನ ಮೊಟ್ಟೆ, ಅಡಿಲೇಡ್, ಗುಟ್ಟು ಎಂದಾಗ ನನ್ನ ತಲೆ ಎಲ್ಲೆಲ್ಲಿಗೆ ಓಡಿತು ಎಂದರೆ, ಅಮ್ಮ ತಿರುಗಿ ಬಂದಿದ್ದಾಳೇನೋ, ಇಬ್ಬರೂ ಸೇರಿ ನನಗೆ ಹೇಳದೆ ಇದ್ದಾರೇನೋ ಎಂದು ಒಂದು ಇಡೀ ದಿನ ಅನುಮಾನಪಟ್ಟೆ. ಅದನ್ನು ಅನುಮಾನ ಎನ್ನಬೇಕೋ ಬೇರೆ ಏನಾದರೂ ಎನ್ನಬೇಕೋ ಗೊತ್ತಿಲ್ಲ. ಅವತ್ತು ಬ್ರೆಡ್ಡನ್ನು ಉದ್ದುದ್ದ ಸೀಳಿಕೊಂಡು ತಿಂದೆ.

ಜುಲೈ ರಜೆಗೆ ಬರುತ್ತೇನೆಂದಾಗ "ರೋಸ್ಟರ್ ಬದಲಾಗಿದೆ" ಎಂದಿರಿ. ಬುಧವಾರ ಮತ್ತೆ ಕೇಳಿದೆ. "ಇನ್ನೆರಡು ತಿಂಗಳು ಪುಟ್ಟಾ" ಎಂದಿರಿ. ಅಮ್ಮನ ಬಗ್ಗೆಯೂ ಇಷ್ಟನ್ನೇ ಹೇಳಿದ್ದಿರಿ. ನಿಮಗೆ ಅದು ನೆನಪಿಲ್ಲದೆ ಬಂದ ಮಾತಿರಬಹುದು.

ಆಂಟಿ, ಅಂಕಲ್ ನಿಮ್ಮನ್ನು ಕೇಳಿದ್ದಾರೆ. ವೆಲ್ಷ್‌ಪೂಲಿನಲ್ಲಿ ನಿಮ್ಮ ಪರ್ತ್ ಕಂಪನಿಯ ಉಗ್ರಾಣದಲ್ಲಿ ನನಗೆ ನೆಲದಿಂದ ಕೊರೆದು ತೆಗೆದ ಕಲ್ಲಿನ ಸಾಲುಗಳನ್ನೆಲ್ಲ ತೋರಿಸಿದ ಗಣಪತಿ ಅಂಕಲ್‌ಗೆ ನನ್ನ ನಮಸ್ಕಾರ ತಿಳಿಸಿ. ನಿಮಗೆ ದಿನಾ ಸಿಗುತ್ತಿರಬೇಕಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮಂಡಿಗೆ ವಿಶ್ರಾಂತಿ ಕೊಡಿ. ನಿಮ್ಮ ಆಶೀರ್ವಾದ ನನ್ನ ತಲೆಯ ಮೇಲಿರಲಿ, ನನ್ನ ಯೋಚನೆ ನಿಮ್ಮ ತಲೆಯ ಮೇಲೆ ಬೇಡ.

ನಿಮ್ಮ ಮಗಳು,
ಚೈತನ್ಯಾ

ಮರೆತ ಮಾತು: ಇಲ್ಲಿ ಬೈಗುಳವಿಲ್ಲ, ಅಳುವಿಲ್ಲ. ಗಣಪತಿ ಅಂಕಲ್‌ಗೆ ನಮಸ್ಕಾರವನ್ನು ನಾನೇ ತಿಳಿಸಿಬಿಟ್ಟೆ. ಶುಕ್ರವಾರ ನಿಮ್ಮ ಹಳೇ ವಿಸಿಟಿಂಗ್ ಕಾರ್ಡಿನಲ್ಲಿದ್ದ ಕಂಪನಿಯ ನಂಬರಿಗೆ ಫೋನ್ ಮಾಡಿದ್ದೆ, ಅವರೇ ಎತ್ತಿದರು. "ನಿಮ್ಮಪ್ಪ ಹೇಳಿಲ್ವೇನಮ್ಮಾ?" ಎಂದರು. ಆಮೇಲೆ ಏಪ್ರಿಲ್‌ನಲ್ಲಿ ನಿಮ್ಮ ತಂಡವನ್ನೆಲ್ಲ ಕೆಲಸದಿಂದ ತೆಗೆದದ್ದು, ನೀವು ಅಡಿಲೇಡಿನ ಒಂದು ಕೆಫೆಯಲ್ಲಿ ಬೆಳಗಿನ ತಿಂಡಿಯ ಅಡುಗೆಗೆ ಸೇರಿದ್ದು ಹೇಳಿದರು. "ನಾನು ಹೇಳ್ದೆ ಅಂತ ಹೇಳ್ಬೇಡ" ಎಂದರು, ನೋಡಿ, ಹೇಳಿಬಿಟ್ಟೆ. ಅವರನ್ನು ಬೈಯಬೇಡಿ. ನೀವು ಮೊಟ್ಟೆ ಬೇಯಿಸುವುದರಲ್ಲಿ ನನಗೆ ನಾಚಿಕೆಯೇನೂ ಇಲ್ಲ, ಅಷ್ಟು ಒಳ್ಳೆಯ ಮೊಟ್ಟೆಯನ್ನು ನಾನು ತಿಂದೇ ಇಲ್ಲ. ನನಗೆ ಹೆದರಿಕೆ ಎರಡು ತಿಂಗಳು ಎಂಬ ಮಾತಿನದು. ಮತ್ತೆ ಗೇಟಿನ ಬಳಿ ನಿಲ್ಲಲು ನನ್ನಿಂದಾಗುವುದಿಲ್ಲ, ಅಪ್ಪಾಜಿ. ಸೆಪ್ಟೆಂಬರ್ ಕೊನೆಗೆ ಒಂದು ವಾರ ರಜೆಯಿದೆ. ಈ ಕಾಗದ ಪರ್ತ್‌ನ ಹಳೇ ವಿಳಾಸದಿಂದಲೇ ನಿಮಗೆ ತಲುಪುತ್ತದಂತೆ, ಅಡಿಲೇಡಿನ ವಿಳಾಸ ಬರೆದರೆ ಬರುತ್ತೇನೆ, ನೀವು ಕೆಲಸ ಮಾಡುವಾಗ ಬಾಗಿಲ ಬಳಿ ನಿಂತು ನೋಡುತ್ತೇನೆ, ಒಳಗೆ ಕರೆದರೆ ಬರುತ್ತೇನೆ. ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ. ಮೇಲೆ 'ಮರೆತ ಮಾತು' ಎಂದು ನಾನೇ ಬರೆದಿದ್ದೇನೆ, ಉಳಿದದ್ದು ಖಾಲಿ. ಒಂದೇ ಸಾಲಾದರೂ ಸರಿ, ಪೆನ್ಸಿಲಿನಲ್ಲಾದರೂ ಸರಿ, ನೀವೇ ಬರೆಯಿರಿ. ಹೊರಗಿನಿಂದ ನೋಡಿದರೆ ಬೆಂದದ್ದು ಯಾವುದು, ಹಸಿಯದು ಯಾವುದು ಎಂದು ನನಗೆ ತಿಳಿಯುವುದಿಲ್ಲ.